ರೈಲು ಡ್ರೈವರ್ ಮರುಳಸಿದ್ದಪ್ಪ ವಿಮಾನ ಹತ್ತಿದ್ದು

ಹೊಸಪೇಟೆಯ ರೈಲ್ವೆ ಮಂದಿಯಲ್ಲಿ ಮರುಳಸಿದ್ದಪ್ಪನವರನ್ನು ಅರಿಯದವರು ಕಡಿಮೆ. ಮೂವತ್ತನಾಲ್ಕು ವರ್ಷ ರೈಲು ಓಡಿಸಿದವರು. ಸಂಡೂರು ಬೆಟ್ಟಗಳಿಂದ ಅದಿರು ತುಂಬಿದ ಗೂಡ್ಸ್ ರೈಲನ್ನು ಇಳಿಜಾರಿನಲ್ಲಿ ಹದವಾಗಿ ಹಿಡಿದು ತರುವುದರಲ್ಲಿ ಅವರದು ಪಳಗಿದ ಕೈ. ಕೊನೆಯ ಹತ್ತು ವರ್ಷ ಪ್ಯಾಸೆಂಜರ್ ರೈಲು. ಅಂಥವರಿಗೆ ವಿಮಾನವೆಂದರೆ ಪ್ರಾಣಭಯ ಎಂದರೆ ಯಾರೂ ನಂಬುತ್ತಿರಲಿಲ್ಲ. ಅವರೂ ಯಾರಿಗೂ ಹೇಳಿರಲಿಲ್ಲ.

ಗೊತ್ತಿದ್ದದ್ದು ಹೆಂಡತಿ ಸಂಗಮ್ಮನಿಗೆ ಮತ್ತು ಮಗಳು ಸುನಿತಾಗೆ ಮಾತ್ರ. ಸುನಿತಾ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಶಾಲೆಯ ಟೀಚರು. ಅವಳ ಗಂಡ ದುರುಗೇಶ್‌ಗೆ ಹಡಗಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಮಗಳ ಹೊಸ ಮನೆ ನೋಡಲೆಂದು ಗಂಡ ಹೆಂಡತಿ ಇಬ್ಬರೂ ಹತ್ತಿರದ ತೋರಣಗಲ್ಲಿನ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ಸಣ್ಣ ವಿಮಾನ ಹತ್ತಿ ಕೂತಿದ್ದರು. ಬಾಗಿಲು ಮುಚ್ಚುವ ಹೊತ್ತಿಗೆ ಮರುಳಸಿದ್ದಪ್ಪನವರ ಅಂಗೈ ಬೆವರಿ, ಉಸಿರು ಗಂಟಲಲ್ಲೇ ನಿಂತಂತಾಯಿತು. "ನನ್ನ ಇಳಿಸ್ರಿ" ಎಂದು ಎದ್ದುಬಿಟ್ಟರು. ಅವರ ಪೆಟ್ಟಿಗೆ ಹುಡುಕಿ ಕೆಳಗಿಳಿಸುವವರೆಗೆ ವಿಮಾನದವರೆಲ್ಲ ಕಾದರು. ಸಂಗಮ್ಮ ಒಬ್ಬಳೇ ಹೋದಳು. ಇವರು ಕಂಪ್ಲಿಯ ತಂಗಿಯ ಮನೆಯಲ್ಲಿ ಏನೋ ನೆಪ ಹೇಳಿ ಹದಿನೈದು ದಿನ ತಲೆಮರೆಸಿಕೊಂಡಂತೆ ಇದ್ದು, ಹೆಂಡತಿ ಬಂದ ದಿನವೇ ತಾವೂ ಮನೆಗೆ ಬಂದರು. ಓಣಿಯವರು "ಸಮುದ್ರ ಹೆಂಗಿತ್ರಿ?" ಎಂದರೆ, "ಭಾಳ ದೊಡ್ಡದೈತ್ರಿ" ಎಂದು ಒಳಗೆ ನಡೆದರು.

ಸಂಗಮ್ಮ ಒಮ್ಮೆ ಕೇಳಿದ್ದಳು. "ನಿಮ್ಮ ರೈಲಿನ್ಯಾಗ ಸಾವಿರ ಮಂದಿ ನಿಮ್ಮನ್ನ ನಂಬಿ ಕುಂದರ್ತಿದ್ರಲ್ಲ, ಒಬ್ಬ ಪೈಲಟ್‌ನ ನಂಬಾಕ ನಿಮಗ ಆಗೂದಿಲ್ಲೇನು?"

"ಏನೇನು ಕೆಡಬಹುದು ಅಂತ ಅವರಿಗೆ ಗೊತ್ತಿರಲಿಲ್ಲ. ನನಗ ಗೊತ್ತೈತಿ."

ಈ ವರ್ಷ ಶ್ರಾವಣದಲ್ಲಿ ಸುನಿತಾಗೆ ಏಳು ತಿಂಗಳು. ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರಿಂದ ಹೆರಿಗೆಗೆ ತವರಿಗೆ ಬರುವಂತಿರಲಿಲ್ಲ. ಸಂಗಮ್ಮನೇ ಹೋಗಿದ್ದಳು. ಹೋದ ಮೂರನೇ ವಾರ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ದುರುಗೇಶ್ ಹಡಗಿನಿಂದ ಬರುವುದು ಇನ್ನೂ ಒಂದೂವರೆ ತಿಂಗಳಿಗೆ.

"ಅಪ್ಪಾ, ನೀವು ಬರ್ರಿ ಅನ್ನಂಗಿಲ್ಲ ನಾ," ಎಂದಳು ಸುನಿತಾ ಫೋನಿನಲ್ಲಿ. "ಇಲ್ಲೇ ಅಡುಗಿಗೆ ಯಾರನ್ನರ ಹುಡುಕ್ತೀವಿ."

ಬನ್ನಿ ಎಂದು ಅತ್ತಿದ್ದರೂ ಅವರಿಗೆ ಅಷ್ಟು ನೋಯುತ್ತಿರಲಿಲ್ಲ. ಚೆನ್ನೈನಿಂದ ಹಡಗಿದೆಯೇ ಎಂದು ವಿಚಾರಿಸಿದರು; ಮುಂದಿನದು ಮೂರು ವಾರದ ನಂತರ. ಮರುದಿನ ಬೆಳಗ್ಗೆ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಕಾವ್ಯ ಎಂಬವರ ಮುಂದೆ ಕೂತು, ಜೀವನದಲ್ಲಿ ಮೊದಲ ಸಲ ಹೊರಗಿನವರಿಗೆ ಎಲ್ಲವನ್ನೂ ಹೇಳಿದರು.

ಕಾವ್ಯ ನಗಲಿಲ್ಲ. "ಹೆದರಿಕಿ ಹೋಗಲಿ ಅಂತ ಕಾಯ್ಬ್ಯಾಡ್ರಿ, ಯಜಮಾನ್ರ. ಮುಚ್ಚಿಟ್ಟಷ್ಟೂ ಅದು ಜಾಸ್ತಿ ಆಗ್ತೈತಿ. ಹತ್ತಿದ ಕೂಡ್ಲೇ ಅಲ್ಲಿ ಇರೋರಿಗೆ ಹೇಳಿಬಿಡ್ರಿ. ಉಸಿರು ಬಿಡೋದು ನಿಧಾನ ಇರಲಿ. ಅದಕ್ಕೂ ಮೊದಲು ನಾಕು ದಿನ ತೋರಣಗಲ್ಲಿಗೆ ಹೋಗಿ ಸುಮ್ನ ನೋಡ್ಕೊಂಡು ಬರ್ರಿ."

ಅವರು ದಿನವೂ ಬಸ್ ಹತ್ತಿ ಹೋಗಿ ನಿಲ್ದಾಣದ ಬೇಲಿಯ ಹೊರಗೆ ನಿಂತರು. ಮೊದಲ ದಿನ ಸದ್ದು ಕೇಳಿದ ಕೂಡಲೇ ಮರಳಿ ಬಸ್ ಹತ್ತಿದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ, ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಗಾಲಿಗಳು ಮಡಚಿಕೊಳ್ಳುವುದು ಕಣ್ಣಿಗೆ ಬಿತ್ತು. ನಾಲ್ಕನೆಯ ದಿನ ಅದಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿದರು.

ಐದನೆಯ ದಿನ ಪೆಟ್ಟಿಗೆ ಸಮೇತ ಹೋದರು. ಸೀಟಿನಲ್ಲಿ ಕೂತ ಕೂಡಲೇ ಗಗನಸಖಿಯನ್ನು ಕರೆದರು.

"ಒಂದು ಮಾತವ್ವಾ. ನನಗ ಇದರಾಗ ಕುಂದ್ರಾಕ ಹೆದರಿಕಿ. ಮೂವತ್ತನಾಕು ವರ್ಷ ರೈಲು ಓಡಿಸೇನಿ. ಯಾವ ಸಪ್ಪಳ ಯಾತರದು ಅಂತ ತಿಳಿದ್ರ ಸಾಕು."

ಬೆಂಗಳೂರಿನ ಕಡೆಯ ಹುಡುಗಿ. ಪಕ್ಕದಲ್ಲಿ ಮೊಣಕಾಲೂರಿ ಕೂತು ನಿಧಾನವಾಗಿ ಹೇಳಿದಳು. "ಮೇಲೇರಿದ ಮೇಲೆ ಕೆಳಗೆ ದಡ್ ಅನ್ನುತ್ತೆ ಸರ್, ಅದು ಗಾಲಿ ಒಳಗೆ ಹೋಗೋದು. ಆಮೇಲೆ ಎಂಜಿನ್ ಸದ್ದು ಇಳಿಯುತ್ತೆ. ಕೆಟ್ಟಿದ್ದಲ್ಲ, ಅಷ್ಟು ಜೋರು ಬೇಕಾಗಲ್ಲ ಅಂತ ಕಮ್ಮಿ ಮಾಡ್ತಾರೆ."

ಅವರು ಜೇಬಿನ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಬಾಗಿಲು ಮುಚ್ಚಿದಾಗ ಎದೆ ಹೊಡೆದುಕೊಳ್ಳತೊಡಗಿತು. ಕಣ್ಣು ಮುಚ್ಚದೆ, ಉಸಿರನ್ನು ಉದ್ದಕ್ಕೆ ಬಿಡುತ್ತ ಕೂತರು. ದಡ್ ಎಂದಿತು; ಒಂದು ಗೆರೆ ಎಳೆದರು. ಎಂಜಿನ್ ಸದ್ದು ಇಳಿಯಿತು, ಇನ್ನೊಂದು ಗೆರೆ. ಧೈರ್ಯ ಮಾಡಿ ಕಿಟಕಿಯಲ್ಲಿ ನೋಡಿದರೆ ಕೆಳಗೆ ಸಂಡೂರಿನ ಕೆಂಪು ಬೆಟ್ಟಗಳ ಸೆರಗಿನಲ್ಲಿ ಒಂದು ಗೂಡ್ಸ್ ರೈಲು ಇಳಿಯುತ್ತಿತ್ತು. 'ಸ್ವಲ್ಪ ಜೋರಾತು' ಎಂದುಕೊಂಡರು, ತಾವು ಎಲ್ಲಿದ್ದೇವೆಂಬುದನ್ನು ಒಂದು ಗಳಿಗೆ ಮರೆತು.

ಬೆಂಗಳೂರಿನಿಂದ ಮುಂದಿನ ವಿಮಾನ ಅಷ್ಟು ಸುಲಭವಾಗಲಿಲ್ಲ. ಕೆಳಗೆ ಬರೀ ನೀರು. ಮೋಡದಲ್ಲಿ ವಿಮಾನ ಇಪ್ಪತ್ತು ನಿಮಿಷ ಕುಲುಕಿತು. ಪುಸ್ತಕ ಕೆಳಗೆ ಬಿತ್ತು, ಎತ್ತಿಕೊಳ್ಳಲಾಗಲಿಲ್ಲ. ಸೀಟಿನ ಕೈ ಹಿಡಿದು ಕೂತವರ ಕಣ್ಣಿಂದ ನೀರು ಇಳಿಯಿತು. ಪಕ್ಕದವರು ನೋಡಿದರು, ಇವರು ಒರೆಸಿಕೊಳ್ಳಲೂ ಹೋಗಲಿಲ್ಲ. ಉಸಿರು ಎಣಿಸುತ್ತ ಎಣಿಸುತ್ತ ಮುನ್ನೂರು ದಾಟಿದ ಮೇಲೆ ಕುಲುಕಾಟ ನಿಂತಿತು.

ಮಗಳ ಮನೆಯ ಬಾಗಿಲು ತೆರೆದವಳು ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಸಂಗಮ್ಮ. "ಬೆಂಗಳೂರಿನ್ಯಾಗ ಇಳಿದುಬಿಡ್ತೀರಿ ಅನ್ಕೊಂಡಿದ್ದೆ," ಎಂದಳು. ಒಳಗೆ ಮಲಗಿದ್ದ ಸುನಿತಾ "ಅಪ್ಪಾ" ಎಂದು ಕೈ ಚಾಚಿದಳು.

ಅವರು ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದರು. ಡ್ಯೂಟಿ ಮುಗಿದು ರೈಲ್ವೆಯ ರನ್ನಿಂಗ್ ರೂಮುಗಳಲ್ಲಿ ತಂಗಿದಾಗ ಬೇಯಿಸಿಕೊಂಡು ಉಂಡವರು. ಅನ್ನ, ಬೇಳೆಸಾರು, ಬದನೆಕಾಯಿ ಪಲ್ಯ ಅವರಿಗೆ ಹೊಸದಲ್ಲ. ಅಂದಿನಿಂದ ಮಗಳಿಗೆ ಉಣಬಡಿಸುವುದು, ಹೆಂಡತಿಯ ತಲೆ ಬಾಚುವುದು, ಎರಡೂ ಅವರದೇ ಕೆಲಸವಾಯಿತು. ಆಶ್ವೀಜದಲ್ಲಿ ಮೊಮ್ಮಗಳು ಹುಟ್ಟಿದಳು. ಅಷ್ಟರಲ್ಲಿ ದುರುಗೇಶನೂ ಬಂದಿದ್ದ.

ಕಾರ್ತಿಕದಲ್ಲಿ ಗಂಡ ಹೆಂಡತಿ ಊರಿಗೆ ಹೊರಟರು. ವಿಮಾನದ ಬಾಗಿಲು ಮುಚ್ಚುವಾಗ ಅವರ ಅಂಗೈ ಮತ್ತೆ ಬೆವರಿತು. ಸಂಗಮ್ಮ ತನ್ನ ವಾಸಿಯಾದ ಕೈಯನ್ನು ಅದರ ಮೇಲಿಟ್ಟಳು. ಬೇಸಿಗೆಗೆ ಪೋರ್ಟ್ ಬ್ಲೇರ್‌ನಲ್ಲಿ ಕೂಸಿನ ಜವಳ ಇದೆ; ಇಬ್ಬರಿಗೂ ವಿಮಾನದ ಟಿಕೆಟ್ ಆಗಿದೆ.