ಜೋಕಾಲಿಯ ಮೇಲೆ ಕಲಿತ ಸಮುದ್ರ

ನಾರಾಯಣಗೂಡದ ನಮ್ಮ ಮನೆಯ ಮಾಳಿಗೆಯ ಮೇಲೆ ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿದ ಜೋಕಾಲಿಯೊಂದಿದೆ. ಅಪ್ಪ ನಿವೃತ್ತರಾದ ವರ್ಷ ಮಾಡಿಸಿದ್ದು. ಅವರು ಅದರ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಾನು ಮತ್ತು ನನ್ನ ಗೆಳತಿ ಅದರ ಮೇಲೆ ಸಮುದ್ರ ಕಲಿತೆವು.

ನಮ್ಮ ಆಫೀಸು ಹಿಮಾಯತ್‌ನಗರದಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಕರಾವಳಿಯ ಡಾಲ್ಫಿನ್‌ಗಳನ್ನು ಡ್ರೋನ್‌ನಿಂದ ಚಿತ್ರೀಕರಿಸಿ ಅಧ್ಯಯನ ಮಾಡುವ ಚಿಕ್ಕ ತಂಡ ನಮ್ಮದು. ದೋಣಿಯಲ್ಲಿ ಕೂತು ನೋಡಿದರೆ ಡಾಲ್ಫಿನ್ ಎಂದರೆ ಬರೀ ಒಂದು ಬೆನ್ನು, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಮೇಲಿನಿಂದ ಇಡೀ ಮೈ ಕಾಣುತ್ತದೆ. ಹೊಟ್ಟೆ ತುಂಬಿದೆಯೋ ಬತ್ತಿದೆಯೋ, ಮರಿ ತಾಯಿಯ ಯಾವ ಮಗ್ಗುಲಲ್ಲಿದೆ, ಮುಳುಗಿದ್ದು ಎಷ್ಟು ಹೊತ್ತಿಗೆ ಮೇಲೆ ಬಂದು ಉಸಿರೆಳೆಯಿತು, ಎಲ್ಲ ಗೊತ್ತಾಗುತ್ತದೆ. ಡ್ರೋನ್ ಹಾರಿಸುವುದು ಗೆಳತಿಯ ಕೆಲಸ. ಅದು ತಂದ ವಿಡಿಯೊ ನೋಡುತ್ತ ಡಾಲ್ಫಿನ್‌ನ ಪ್ರತಿ ಉಸಿರಿಗೂ ಒಂದು ಗುರುತು ಹಾಕುವುದು ನನ್ನದು.

ಹಾರಿಸುವುದಕ್ಕಿಂತ ಇಳಿಸಿಕೊಳ್ಳುವುದು ಕಷ್ಟ. ತೂಗಾಡುವ ಮೀನುಗಾರರ ದೋಣಿಯಲ್ಲಿ ಡ್ರೋನ್ ಇಳಿಯಲು ಜಾಗವಿರುವುದಿಲ್ಲ. ಗಾಳಿಯಲ್ಲಿದ್ದಾಗಲೇ ಅದರ ಕಾಲು ಹಿಡಿದು ಕೈಗೆ ತೆಗೆದುಕೊಳ್ಳಬೇಕು, ರೆಕ್ಕೆಗಳು ಇನ್ನೂ ತಿರುಗುತ್ತಿರುವಾಗ. ಸಮುದ್ರವೇ ಇಲ್ಲದ ಊರಲ್ಲಿ ಇದನ್ನು ಎಲ್ಲಿ ಕಲಿಯುವುದು? ಗೆಳತಿಯ ಕಣ್ಣಿಗೆ ಬಿದ್ದದ್ದು ಜೋಕಾಲಿ.

ಜೋಕಾಲಿಯ ಮುಂದೆ ಸುಣ್ಣದಲ್ಲಿ ಒಂದು ವೃತ್ತ ಬರೆದೆವು. ಡ್ರೋನ್ ಅಲ್ಲಿಂದ ಮೇಲೇಳುತ್ತಿತ್ತು. ಅವಳು ಹಲಗೆಯ ಮೇಲೆ ನಿಲ್ಲುತ್ತಿದ್ದಳು, ನಾನು ತೂಗುತ್ತಿದ್ದೆ. ‘ಮನೆಗೆ ಬಾ’ ಎಂಬ ಗುಂಡಿ ಒತ್ತಿದರೆ ಡ್ರೋನ್ ತಾನು ಎದ್ದ ಜಾಗಕ್ಕೇ ಮರಳಿ ಬಂದು ಮೆಲ್ಲಗೆ ಇಳಿಯತೊಡಗುತ್ತಿತ್ತು. ಜೋಕಾಲಿ ಮುಂದೆ ಬಂದಾಗ ಅವಳು ಒಂದು ಕೈಯಲ್ಲಿ ಸರಪಳಿ ಹಿಡಿದು ಬಾಗಿ, ಇನ್ನೊಂದು ಕೈಯಲ್ಲಿ ಅದನ್ನು ಹಿಡಿಯುತ್ತಿದ್ದಳು. ತಪ್ಪಿದರೆ ಮತ್ತೊಮ್ಮೆ ತೂಗುವುದು. ಆ ಸಂಜೆಗಳಲ್ಲಿ ಪಕ್ಕದ ಕೋಚಿಂಗ್ ಸೆಂಟರಿನ ಹುಡುಗರು ಕಿಟಕಿಗೆ ಜೋತುಬಿದ್ದು ಸೀಟಿ ಹೊಡೆಯುತ್ತಿದ್ದರು. ಅಮ್ಮ ಸಂಡಿಗೆ ಒಣಹಾಕಿದ ಚಾದರ ಡ್ರೋನಿನ ಗಾಳಿಗೆ ಮಗುಚಿಕೊಳ್ಳುತ್ತಿತ್ತು.

“ಏ ಹುಡುಗ್ಯಾರ, ನಿಮ್ಮ ಹದ್ದು ನನ್ನ ಸಂಡಿಗಿ ಎಲ್ಲಾ ಹಾರಸಾಕತ್ತೈತಿ!”

“ಹದ್ದಲ್ಲರಿ ಕಾಕೂ, ಡಾಲ್ಫಿನ್ ನೋಡೂದು,” ಎನ್ನುತ್ತಿದ್ದಳು ಅವಳು, ತೂಗುತ್ತಲೇ.

“ಡಾಲ್ಫಿನ್ನ? ಹುಸೇನ್ ಸಾಗರ ಕೆರ್ಯಾಗ ಬಿಟ್ಟಾರೇನ?”

“ಇನ್ನೂ ಇಲ್ಲರಿ. ಬಿಟ್ಟಕೂಡ್ಲೆ ಮೊದಲ ನಿಮಗ ತೋರಸ್ತೀನಿ.”

ಅಮ್ಮ ನಗು ತಡೆಯಲಾರದೆ ಒಳಗೆ ಹೋಗಿ, ಅಲ್ಲಿಂದಲೇ “ಚಾ ಆಗೈತಿ, ಇಳೀರಿ” ಎನ್ನುತ್ತಿದ್ದಳು. ಅಂಥ ಸಂಜೆಗಳು ಅಷ್ಟು ಬೇಗ ಮುಗಿಯುತ್ತವೆ ಎಂದುಕೊಂಡಿರಲಿಲ್ಲ.

ಜೋಕಾಲಿ ಎಷ್ಟು ತೂಗಿದರೂ ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ದೋಣಿ ಹೋಗುತ್ತದೆ. ಇಷ್ಟು ಸರಳ ಸಂಗತಿ ತಂಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಹುಶಃ ಬಯಲುಸೀಮೆಯವರಿಗಷ್ಟೇ ಹೊಳೆಯದಿರುವಂಥದ್ದು.

ರೈಲು ಹಿಡಿದು ಪೂರ್ವ ಕರಾವಳಿಗೆ ಹೋದೆವು. ಬೆಳಗಿನ ಸಮುದ್ರ ಶಾಂತವಾಗಿತ್ತು. ತಾಯಿ ಡಾಲ್ಫಿನ್ ಒಂದು, ಮಗ್ಗುಲಲ್ಲಿ ಮರಿ. ಡ್ರೋನ್ ಅವುಗಳ ಮೇಲೆ ನಿಂತಿತ್ತು, ಕ್ಯಾಮೆರಾ ನೇರ ಕೆಳಮುಖವಾಗಿ. ಅದು ಕಳಿಸುವ ಚಿತ್ರ ನನ್ನ ಕೈಯ ಟ್ಯಾಬ್‌ನಲ್ಲಿ ಮೂಡುತ್ತ, ದಾಖಲಾಗುತ್ತ ಇತ್ತು. ಬ್ಯಾಟರಿ ಇಳಿಯಿತು. ಗೆಳತಿ ಮಾಳಿಗೆಯ ಮೇಲಿನ ಅಭ್ಯಾಸದಂತೆಯೇ ಗುಂಡಿ ಒತ್ತಿ ಕೈ ಚಾಚಿ ನಿಂತಳು. ಕೈ ಎತ್ತಲು ತೊಡಕೆಂದು ಲೈಫ್ ಜಾಕೆಟ್ಟಿನ ಬಕಲ್ ಬಿಚ್ಚಿದ್ದಳು.

ಡ್ರೋನ್ ಮನೆಗೆ ಬಂತು. ಆದರೆ ಮನೆ ಅಲ್ಲಿರಲಿಲ್ಲ. ಅಷ್ಟು ಹೊತ್ತಿಗೆ ನೀರಿನ ಸೆಳೆತಕ್ಕೆ ದೋಣಿ ದೂರ ಸರಿದಿತ್ತು. ಡ್ರೋನ್ ಬರೀ ನೀರಿನ ಮೇಲೆ ಇಳಿಯತೊಡಗಿತು. ದೋಣಿಯವನು ಇಂಜಿನ್ ಹೊಡೆದು ಅತ್ತ ತಿರುಗಿಸಿದ. ಹತ್ತಿರವಾದಾಗ ಅವಳು ಬಾಗಿದಳು, ಜೋಕಾಲಿಯ ಮೇಲೆ ಬಾಗುವಂತೆಯೇ. ಎಡಗೈ ಸರಪಳಿಯನ್ನು ಹುಡುಕಿದ್ದನ್ನು ನಾನು ಕಂಡೆ. ಅಲೆಗೆ ದೋಣಿ ವಾಲಿತು.

ಅಲ್ಲಿಂದ ಮುಂದಿನದೆಲ್ಲ ನನಗೆ ಮೇಲಿನಿಂದಲೇ ನೆನಪಿದೆ. ಸಮುದ್ರ ಎದುರಿಗೇ ಇತ್ತು, ನನ್ನ ಕಣ್ಣು ಟ್ಯಾಬ್ ಬಿಟ್ಟು ಕದಲಲಿಲ್ಲ. ಹಸಿರು ನೀರು. ಎರಡು ಕೈ. ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಮಾತ್ರ, ಒಳಗೆ ಯಾರೂ ಇಲ್ಲದೆ ತೇಲುತ್ತ. ಡ್ರೋನ್ ಅವಳು ಮುಳುಗಿದ ಜಾಗಕ್ಕೇ ಇಳಿಯುತ್ತಿತ್ತು. ನೀರು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಪರದೆ ಕಪ್ಪಾಯಿತು.

ದೋಣಿಯವನು ಇಂಜಿನ್ ನಿಲ್ಲಿಸಿ ಬಿದಿರಿನ ಕೋಲು ಚಾಚಿ, “ಪಟ್ಟುಕೋ ಅಮ್ಮಾ, ಪಟ್ಟುಕೋ!” ಎಂದು ತೆಲುಗಿನಲ್ಲಿ ಕೂಗುತ್ತಿದ್ದ, ಹಿಡಿದುಕೋ ಎಂದು. ಅವಳು ದೋಣಿಯ ಇನ್ನೊಂದು ಬದಿಯಲ್ಲಿ ಎದ್ದಳು. ನಾವಿಬ್ಬರೂ ಸೇರಿ ಮೇಲಕ್ಕೆಳೆದುಕೊಂಡೆವು. ಉಪ್ಪುನೀರು ಕಾರಿಕೊಂಡು, ಬಲೆಗಳ ಮೇಲೆ ಬಿದ್ದುಕೊಂಡು, ಅವಳು ಮೊದಲು ಕೇಳಿದ್ದು:

“ಡ್ರೋನ್?”

“ಹೋತು.”

“ಕಾಕೂಗ ಹೇಳಬ್ಯಾಡ.”

ಹೇಳದಿದ್ದರೂ ಅಮ್ಮನಿಗೆ ಗೊತ್ತಾಯಿತು. ಹಿಮಾಯತ್‌ನಗರದ ಆಫೀಸಿನಲ್ಲಿ ಟ್ಯಾಬ್‌ನ ಆ ವಿಡಿಯೊ ನೋಡುವುದು ನನಗೆ ಚಾಳಿಯಾಯಿತು. ಅದು ಅವಳು ಮೇಲೇಳುವುದಕ್ಕೆ ಮೊದಲೇ ನಿಲ್ಲುತ್ತದೆ. ದಿನವಿಡೀ ಉಸಿರಿಗೆ ಗುರುತು ಹಾಕುವವಳಿಗೆ ಈ ಒಂದು ಉಸಿರು ಮಾತ್ರ ಸಿಗುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ಮಿರ್ಚಿ ತಿನ್ನುತ್ತ ಜಗಳವಾಡುವ ದನಿ ಕೇಳುತ್ತಿದ್ದರೂ ನಾನು ಅದನ್ನು ಮತ್ತೆ ಮೊದಲಿನಿಂದ ಹಚ್ಚುತ್ತಿದ್ದೆ. ಒಂದು ದಿನ ಬೆನ್ನ ಹಿಂದೆ ಬಂದು ನಿಂತು ನೋಡಿದಳು.

“ಮತ್ತ ಅದನ್ನ ನೋಡಾಕತ್ತೀಯೇನ? ಲೇ, ಸತ್ತಿಲ್ಲ ನಾನು. ಮಿರ್ಚಿ ಬೇಕಾ?”

ಕೆಲವು ವಾರಗಳ ಬಳಿಕ ಅವಳು ಮತ್ತೆ ನಮ್ಮ ಮಾಳಿಗೆ ಹತ್ತಿದಳು. ಜೋಕಾಲಿಗೆ ಹಲಗೆ ಇರಲಿಲ್ಲ. ಅಮ್ಮ ಬಿಚ್ಚಿ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಳು.

“ಹಲಗಿ ಕೊಡ್ರಿ ಕಾಕೂ.”

“ಕೊಡಂಗಿಲ್ಲ. ಒಮ್ಮೆ ಮುಳುಗಿದ್ದು ಸಾಲಲಿಲ್ಲೇನ ನಿನಗ?”

“ಮುಳುಗಿದ್ದು ನಾನು. ಹಲಗಿಗ್ಯಾಕ ಶಿಕ್ಷಾ?”

ಅಮ್ಮ ಒಳಗೆ ಹೋದಳು. ಹಲಗೆ ತಂದಳು, ಜೊತೆಗೆ ತನ್ನ ಹಳೆಯ ಇಳಕಲ್ ಸೀರೆಯನ್ನೂ. ಅದನ್ನು ಹಗ್ಗದಂತೆ ಹೊಸೆದು ಅವಳ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಚೌಕಟ್ಟಿಗೆ ಗಂಟು ಹಾಕಿದಳು. ಗಂಟನ್ನು ಜಗ್ಗಿ ಜಗ್ಗಿ ನೋಡಿದಳು. “ಈಗ ತೂಗು,” ಎಂದಳು ನನಗೆ. ನಾನು ಸರಪಳಿ ಮುಟ್ಟಿ ಹಿಂದೆ ಸರಿದೆ. ತೂಗಿದ್ದು ಅಮ್ಮನೇ.

ಈಗ ಗೆಳತಿ ಆ ಕರಾವಳಿಯಲ್ಲೇ ಇರುತ್ತಾಳೆ. ‘ಮನೆಗೆ ಬಾ’ ಗುಂಡಿಯನ್ನು ದೋಣಿಯಲ್ಲಿ ಯಾರೂ ಒತ್ತುವುದಿಲ್ಲ. ಡ್ರೋನನ್ನು ಕೈಯಾರೆ ನಡೆಸಿಕೊಂಡು ಬರುತ್ತಾರೆ. ಹಿಡಿಯುವವಳ ಸೊಂಟಕ್ಕೆ ಹಗ್ಗ, ಜಾಕೆಟ್ಟಿಗೆ ಬಿಗಿದ ಬಕಲ್. ವಿಡಿಯೊಗಳು ನನಗೆ ಬರುತ್ತವೆ. ಪ್ರತಿಯೊಂದರ ಕೊನೆಯಲ್ಲಿ ನೀರು ಸರಿದು ದೋಣಿ ಬರುತ್ತದೆ. ನಾನು ಮೇಜಿನ ಅಂಚು ಹಿಡಿದುಕೊಳ್ಳುತ್ತೇನೆ. ಕೈಗವಸು ತೊಟ್ಟ ಕೈಯೊಂದು ಮೇಲೆ ಬರುತ್ತದೆ, ಅದರ ಹಿಂದೆ ಅವಳ ಮುಖ, ಕ್ಯಾಮೆರಾಕ್ಕೆ ತೀರ ಹತ್ತಿರ. ಕೆನ್ನೆ ಉಬ್ಬಿಸಿ, ನನಗಾಗಿಯೇ, ದೊಡ್ಡದಾಗಿ ಉಸಿರು ಬಿಡುತ್ತಾಳೆ.

ಅಲ್ಲೊಂದು ಗುರುತು ಹಾಕುತ್ತೇನೆ. ಲೆಕ್ಕ ತಪ್ಪುತ್ತದೆಂದು ತಂಡದವರು ಆಮೇಲೆ ಅದನ್ನು ತೆಗೆದುಹಾಕುತ್ತಾರೆ. ತೆಗೆಯಲಿ.