ಒಂದೇ ಶಾಯಿಯ ಮೂವತ್ತು ದಾಳಿಗಳು

ನಂಬದೆ ಇರುವುದಕ್ಕೆ ಸಂಬಳ ಪಡೆದವನು ನಾನು. ಅಮೆರಿಕದ ಟ್ರಾಯ್ ಎಂಬ ಊರಿನ ಕಾರು ಬಿಡಿಭಾಗಗಳ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಕ್ವಾಲಿಟಿ ಆಡಿಟರ್ ಆಗಿದ್ದೆ. ಬ್ರೇಕ್ ಮಾಡುವವರು, ಸೀಟು ಹೊಲಿಯುವವರು ಎಲ್ಲರೂ ಡೋನಟ್ ಇಟ್ಟು ಬರಮಾಡಿಕೊಳ್ಳುತ್ತಿದ್ದರು. ಡೋನಟ್ ದೊಡ್ಡದಾದಷ್ಟೂ ನಾನು ಅವರ ದಾಖಲೆಗಳನ್ನು ಹೆಚ್ಚು ಹೊತ್ತು ನೋಡುತ್ತಿದ್ದೆ. ನಿವೃತ್ತನಾದ ಮೇಲೆ ಈ ಗುಣ ಮನೆಯ ಕಡೆ ತಿರುಗಿತು. ತೊಗರಿಬೇಳೆ ಪ್ಯಾಕೆಟ್ಟಿನ ತಾರೀಖನ್ನು ನಾನು ಭೂತಗನ್ನಡಿ ಹಿಡಿದು ಪರೀಕ್ಷಿಸಿದ ದಿನ ನನ್ನಾಕೆ ನನ್ನನ್ನು ವಿಮಾನ ಮ್ಯೂಸಿಯಮ್ಮಿಗೆ ಸ್ವಯಂಸೇವಕನಾಗಿ ಸೇರಿಸಿಬಿಟ್ಟಳು. ನೋವೈಯಲ್ಲಿರುವ ನಮ್ಮ ಮನೆಯಿಂದ ಅದು ಅರ್ಧ ಗಂಟೆಯ ಡ್ರೈವ್. ಎರಡನೇ ಮಹಾಯುದ್ಧದಲ್ಲಿ ಕಾರು ಮಾಡುವವರೇ ಬಾಂಬರ್ ಮಾಡಿದ ಊರುಗಳಲ್ಲವೇ ಇವು. ಅಂಥದೊಂದು ವಿಮಾನದ ಹೊಟ್ಟೆಯ ಬಾಗಿಲು ಒರೆಸುವ ಪವಿತ್ರ ಕಾರ್ಯ ನನ್ನದು. ಅಂಗಡಿಯ ಶಟರ್ ಹಾಗೆ ಮೇಲಕ್ಕೆ ಸುತ್ತಿಕೊಳ್ಳುವ ಬಾಗಿಲು. ಅದು ತೆರೆದರೆ ಬಾಂಬ್ ಬೀಳಬೇಕು.

ನಮ್ಮ ಎದುರು ಮನೆಯಲ್ಲಿ ಎಂಬತ್ತರ ಆಸುಪಾಸಿನ ಅಮೆರಿಕನ್ ಹೆಂಗಸೊಬ್ಬರಿದ್ದಾರೆ. ನಾವಿಬ್ಬರೂ ಅವರನ್ನು ಅಜ್ಜಿ ಎನ್ನುತ್ತೇವೆ. ನನಗೂ ಅವರಿಗೂ ಹತ್ತೇ ವರ್ಷದ ಅಂತರ ಎಂಬ ವಿಚಾರವನ್ನು ಮನೆಯಲ್ಲಿ ಎತ್ತುವಂತಿಲ್ಲ. ಅವರ ತಂದೆ ಅಂಥ ಬಾಂಬರಿನಲ್ಲಿ ಯುರೋಪಿನ ಮೇಲೆ ಮೂವತ್ತು ಸಲ ಹಾರಿ, ಗುರಿ ನೋಡಿ ಬಾಂಬ್ ಬಿಡುತ್ತಿದ್ದವರು. ಕಳೆದ ಚಳಿಗಾಲದಲ್ಲಿ ಅಜ್ಜಿ ತಂದೆಯ ಪುಟ್ಟ ಕಪ್ಪು ಪುಸ್ತಕವನ್ನು ನನ್ನ ಕೈಗಿತ್ತರು. ಪ್ರತಿ ದಾಳಿಗೆ ಒಂದು ಸಾಲು: ತಾರೀಖು, ಊರು, ಹವೆ, ಗುರಿ. ಮ್ಯೂಸಿಯಮ್ಮಿಗೆ ಕೊಡಬೇಕು, ಪಕ್ಕದಲ್ಲಿಡಲು ಒಂದು ಕಾರ್ಡನ್ನೂ ಬರೆದಿದ್ದೇನೆ ಎಂದರು. ಕಾರ್ಡಿನಲ್ಲಿತ್ತು: ‘ನನ್ನ ತಂದೆ ಮನೆಗಳ ಮೇಲೆ ಎಂದೂ ಬಾಂಬ್ ಹಾಕಲಿಲ್ಲ.’ ಅವರು ಬದುಕಿಡೀ ಕೇಳಿಕೊಂಡು ಬಂದ ಮಾತು ಅದು. ಕೊಡುವ ಮೊದಲು ನೀವೊಮ್ಮೆ ನೋಡಿ ಎಂದರು. ಉಪಚಾರದ ಮಾತೆಂದುಕೊಂಡೆ.

ಆದರೆ ನೋಡಿ ಎಂದರೆ ನಾನು ನೋಡುವವನು. ಅಡುಗೆಮನೆಯ ಟೇಬಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ ಪುಸ್ತಕ ಬಿಡಿಸಿ, ಭೂತಗನ್ನಡಿ ಹಿಡಿದು, ವಿಧಿವತ್ತಾಗಿ ಆಡಿಟ್ ಆರಂಭಿಸಿದೆ. ಮೂರನೇ ಪುಟಕ್ಕೇ ಕುತ್ತಿಗೆಯ ಹಿಂದೆ ಹಳೆಯ ತುರಿಕೆ ಶುರುವಾಯಿತು. ಮೂವತ್ತು ಸಾಲಿಗೂ ಒಂದೇ ಶಾಯಿ, ಒಂದೇ ವಾಲು, ಒಂದೇ ಒತ್ತು. ಗುರಿ ಪ್ರತಿ ಸಲವೂ ರೈಲ್ವೆ ಯಾರ್ಡು. ಹವೆ ಪ್ರತಿ ಸಲವೂ ನಿರ್ಮಲ, ಡಿಸೆಂಬರ್, ಜನವರಿಯಲ್ಲಿ ಕೂಡ. ಕೊರೆಯುವ ಚಳಿಯಲ್ಲಿ, ಗುಂಡಿನ ನಡುವೆ ಹಾರಿ ಬಂದವನ ಕೈ ಒಂದು ದಿನವಾದರೂ ನಡುಗಬೇಡವೇ?

ಇದು ಒಂದೇ ಸಲ ಕೂತು ಬರೆದ ಪುಸ್ತಕ. ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಪೀಣ್ಯದಲ್ಲಿ ಟ್ರೈನಿಯಾಗಿದ್ದಾಗ, ಮರುದಿನ ಆಡಿಟರ್ ಬರುತ್ತಾನೆಂದು, ಕುಲುಮೆಯ ಒಂದು ತಿಂಗಳ ಉಷ್ಣತೆಯನ್ನು ಒಂದೇ ಸಂಜೆ ಬರೆದು ಮುಗಿಸಿದ್ದೆ. ಆದರೆ ನಾನು ಕಸುಬುದಾರ. ಮೂರು ಪೆನ್ನು ಬಳಸಿದ್ದೆ, ನಡುವೆ ಎರಡು ಕಡೆ ಕಾಫಿ ಚೆಲ್ಲಿದ್ದೆ.

ಮ್ಯೂಸಿಯಮ್ಮಿನಲ್ಲಿ ನನ್ನ ಜೊತೆ ಬಾಗಿಲು ಒರೆಸುವ ಮುದುಕ ವಾಯುಪಡೆಯಲ್ಲಿದ್ದವನು. ಅವನನ್ನು ಸುತ್ತು ಬಳಸಿ ಕೇಳಿದೆ. ಚಳಿಗಾಲದಲ್ಲಿ ಅಲ್ಲಿ ನೆಲವೇ ಕಾಣುತ್ತಿರಲಿಲ್ಲ, ನಾಲ್ಕು ಮೈಲಿ ಎತ್ತರದಲ್ಲಿ ಮೋಡದ ಮೇಲಿಂದ ರಾಡಾರ್ ನಂಬಿ ಬಿಡುತ್ತಿದ್ದರು ಎಂದ. ರೈಲ್ವೆ ಯಾರ್ಡು ಇರುವುದು ಊರ ನಡುವೆ. ಬಿದ್ದದ್ದು ಊರಿನ ಮೇಲೆ, ಬರೆದದ್ದು ಯಾರ್ಡು ಎಂದು. ವರದಿಗಳಲ್ಲಿ ಆ ಪದ ಕಂಡಾಗಲೆಲ್ಲ ತನಗೂ ಅನುಮಾನವೇ ಎಂದು ಸೇರಿಸಿದ. ಅಲ್ಲಿನ ಹಳೆಯ ಪಟ್ಟಿಗಳ ಜೊತೆ ತಾಳೆ ನೋಡಿದೆ. ತಾರೀಖುಗಳು ಸರಿ, ಊರುಗಳೂ ಸರಿ. ಹೊಂದದೆ ಉಳಿದದ್ದು ಹವೆ ಮಾತ್ರ.

ಮನೆಯಲ್ಲಿ ತೀರ್ಪು ಪ್ರಕಟಿಸಿದೆ. ನನ್ನಾಕೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

“ರೀ, ಸತ್ತೋರಿಗೆ ನೋಟಿಸ್ ಕೊಡೋಕ್ ಹೊರಟಿದೀರಾ? ಚೆನ್ನಾಗಿದೆ ಅಂತ ಹೇಳ್ಬಿಟ್ಟು ಬನ್ನಿ.”

“ಅವ್ರೇ ನೋಡಿ ಅಂದ್ರಲ್ಲ.”

“ನಮ್ಮ ಮದುವೆ ಫೋಟೋನೂ ನೋಡಿ ಅಂದಿದ್ರು ಜನ. ಎಲ್ರೂ ಚೆನ್ನಾಗಿದೆ ಅಂದ್ರು.”

ಈ ಸಾಕ್ಷ್ಯವನ್ನು ಅಂಗೀಕರಿಸಿದೆ. ಚೆನ್ನಾಗಿದೆ ಎಂದೇ ಹೇಳುವುದೆಂದು ನಿಶ್ಚಯಿಸಿ ಮರುದಿನ ಬೆಳಗ್ಗೆ ರಸ್ತೆ ದಾಟಿದೆ. ಅಜ್ಜಿ ಚಹಾ ಕೊಟ್ಟರು. ತಿನ್ನಲು ಏನೂ ಇಡಲಿಲ್ಲ. ಅದೇ ನನ್ನನ್ನು ಹೆದರಿಸಿತು.

“ಹೇಗಿದೆ?” ಎಂದರು.

ಅಕ್ಷರ ತುಂಬ ಅಚ್ಚುಕಟ್ಟು ಎಂದೆ.

ಅಜ್ಜಿ ತಮ್ಮ ಲೋಟ ಕೆಳಗಿಟ್ಟರು. ತಮಗೆ ಏಳು ವರ್ಷವಿದ್ದಾಗ ಅಪ್ಪ ಒಂದು ಭಾನುವಾರವಿಡೀ ಬಾಗಿಲು ಹಾಕಿಕೊಂಡು ಕೂತು ಬರೆಯುತ್ತಿದ್ದುದನ್ನು ಬೀಗದ ಕಿಂಡಿಯಿಂದ ನೋಡಿದ್ದರಂತೆ. ಪಕ್ಕದಲ್ಲಿ ಇನ್ನೊಂದು ಪುಸ್ತಕವಿತ್ತು, ಹರಿದದ್ದು. ಅದು ಆಮೇಲೆ ಮನೆಯಲ್ಲಿ ಎಲ್ಲೂ ಕಾಣಲಿಲ್ಲ. ಅದೇನೆಂದು ಅಮ್ಮನನ್ನು ಕೇಳಿದ್ದಕ್ಕೆ ಬೈಸಿಕೊಂಡಿದ್ದರಂತೆ. ಅಲ್ಲಿಂದೀಚೆಗೆ ಯಾರನ್ನೂ ಕೇಳಿಲ್ಲ.

“ಅಪ್ಪನನ್ನ ಪ್ರೀತಿಸಿದೋರು ಯಾರೂ ನನಗೆ ನಿಜ ಹೇಳಲ್ಲ. ಅದಕ್ಕೇ ನಿಮಗೆ ಕೊಟ್ಟೆ.”

ಹೇಳಿದೆ. ಶಾಯಿ, ಮೋಡ, ಯಾರ್ಡು, ಒಂದೊಂದಾಗಿ ಎಲ್ಲ. ಮನೆಗಳ ಮೇಲೆ ಬಿದ್ದಿರಲೇಬೇಕು, ಎಷ್ಟು ಸಲವೆಂದು ಈ ಪುಸ್ತಕದಿಂದ ತಿಳಿಯದು ಎಂದೆ. ಅವರು ಅಳಲಿಲ್ಲ. ಕಾರ್ಡನ್ನು ಎಳೆದುಕೊಂಡು ತಮ್ಮ ಸಾಲಿನ ಮೇಲೆ ನೇರವಾಗಿ ಗೆರೆ ಎಳೆದರು.

“ಊರುಗಳ ಹೆಸರಾದರೂ ನಿಜವೇ?”

ಅಷ್ಟು ನಿಜ ಎಂದೆ.

ಹಾಗಾದರೆ ಅವನ್ನೇ ಬರೆಯಿರಿ ಎಂದು ಕಾರ್ಡನ್ನು ತಿರುಗಿಸಿ ನನ್ನೆದುರು ತಳ್ಳಿದರು. ಅವರು ಪುಸ್ತಕ ನೋಡಿ ಓದಿದರು, ನಾನು ಬರೆದೆ. ಜರ್ಮನ್ ಹೆಸರುಗಳು ನಮ್ಮಿಬ್ಬರ ನಾಲಿಗೆಗೂ ಹೊರಳಲಿಲ್ಲ. ಅವರು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದರು, ಒಂದು ಊರನ್ನೂ ಬಿಡಲಿಲ್ಲ.