ಅಜ್ಜಿಯ ಹಾಡಿನ ಹತ್ತು ತುಂಡು

ಕಪಾಟು ಒರೆಸುವಾಗ ಹಳೆಯ ಪುಸ್ತಕದೊಳಗಿಂದ ಒಂದು ಚೀಟಿ ಬಿತ್ತು. ಪೆನ್ಸಿಲಿನಲ್ಲಿ ಬರೆದ ಏಳು ಸಾಲಿನ ಶೆಲ್ ಸ್ಕ್ರಿಪ್ಟ್, ಕಂಪ್ಯೂಟರಿಗೆ ಒಂದರ ಹಿಂದೊಂದು ಕೊಡುವ ಆಜ್ಞೆಗಳು. ಅಕ್ಷರ ನೋಡಿದ್ದೇ ತಡ, ದರ್ಬೆಯಲ್ಲಿ ಸೈಬರ್ ಅಂಗಡಿ ಇಟ್ಟಿದ್ದ ಅಕ್ಕ ಕಣ್ಣೆದುರು ಬಂದರು…

ಆ ದಿನ ನಾನು ಅವರ ಅಂಗಡಿಗೆ ಓಡಿಯೇ ಹೋಗಿದ್ದೆ. ಕಾಣಿಯೂರಿನ ನನ್ನ ಅಜ್ಜಿ ಹಾಡಿದ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗಿನ ಹಾಡನ್ನು ಸಂಶೋಧಕರೊಬ್ಬರು ಹಿಂದೊಮ್ಮೆ ರೆಕಾರ್ಡ್ ಮಾಡಿ ತಮ್ಮ ಜಾಲತಾಣದಲ್ಲಿ ಇಟ್ಟಿದ್ದರು. ಅಜ್ಜಿ ತೀರಿಹೋಗಿದ್ದರು, ಅವರ ಸ್ವರ ಉಳಿದಿದ್ದದ್ದು ಅಲ್ಲಿ ಮಾತ್ರ. ಜಾಲತಾಣ ಸಂಜೆ ಐದಕ್ಕೆ ಮುಚ್ಚುತ್ತದೆಂದು ನನಗೆ ಗೊತ್ತಾದದ್ದು ಅದೇ ದಿನ ಮೂರೂವರೆಗೆ! ಹಲವರ ಹಾಡುಗಳಿದ್ದ ಮೂರು ತಾಸಿನ ಫೈಲು, ಅಜ್ಜಿಯದ್ದು ಎಲ್ಲಕ್ಕಿಂತ ಕೊನೆಗೆ. ಇಳಿಸಲು ಹೊರಟರೆ ಹನ್ನೊಂದು ಗಂಟೆ ಬೇಕೆಂದು ಕಂಪ್ಯೂಟರ್ ತೋರಿಸಿತು. ನನಗೆ ಅಳುವೇ ಬಂತು.

“ಅಜ್ಜಿಯದ್ದು ಕೊನೆಗಲ್ವಾ ಇರುದು? ಮತ್ತೆ ಇಡೀ ಫೈಲು ಎಂತಕ್ಕೆ ಮಾರಾಯ್ತಿ?” ಎಂದರು ಅಕ್ಕ.

“ನಡುವೆ ನೆಟ್ ಹೋದ್ರೆ?”

“ಕೊನೆಯ ಭಾಗವನ್ನೇ ಹತ್ತು ತುಂಡು ಮಾಡಿ ತರುವ. ಬಂದದ್ದು ನಮ್ಮಲ್ಲೇ ಉಳೀತದೆ. ಬಾರದ್ದನ್ನು ನಾನು ಬರೆಯುವ ಸ್ಕ್ರಿಪ್ಟೇ ಪುನಃ ಕೇಳ್ತದೆ.”

ಫೈಲಿನ ಒಟ್ಟು ಗಾತ್ರ ಎಷ್ಟೆಂದು ಮೊದಲು ಆ ಕಡೆಯ ಕಂಪ್ಯೂಟರನ್ನೇ ಕೇಳಿದರು. ಲೆಕ್ಕ ಹಾಕಿ ಚೀಟಿಯಲ್ಲಿ ಏಳು ಸಾಲು ಬರೆದರು, ಅದನ್ನೇ ಟೈಪ್ ಮಾಡಿದರು. ಆಮೇಲೆ ಎದ್ದು ನಿಂತು ಗಿರಾಕಿಗಳಿಗೆ, “ಸ್ವಲ್ಪ ಹೊತ್ತು ನೆಟ್ ಬಿಟ್ಟುಕೊಡಿ ಮಾರಾಯ್ರೆ, ಒಬ್ಬರು ಅಜ್ಜಿಯನ್ನು ಕರ್ಕೊಂಡು ಬರ್ಲಿಕ್ಕುಂಟು” ಎಂದರು.

ಎಲ್ಲರೂ ನಮ್ಮ ಸುತ್ತ ಸೇರಿದರು. ಒಂದು ಬಂತು. ಎರಡು ಬಂತು. ನಾಲ್ಕನೆಯದು ಅರ್ಧಕ್ಕೆ ಕಡಿದು ಪುನಃ ಬಂತು. ಎಂಟನೆಯದಕ್ಕೆ ಕರೆಂಟೇ ಹೋಯಿತು! ಯುಪಿಎಸ್ ಬಡಕೊಳ್ಳತೊಡಗಿದಾಗ ಅಕ್ಕ ಉಳಿದ ಕಂಪ್ಯೂಟರುಗಳನ್ನೆಲ್ಲ ಪಟಪಟನೆ ಆರಿಸಿದರು. “ಒಂಬತ್ತು!” ಎಂದು ಯಾರೋ ಕೂಗಿದರು. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಹತ್ತನೆಯದೂ ಬಂತು.

ತುಂಡುಗಳನ್ನು ಜೋಡಿಸಿ ಹಾಕಿದರು. ಒಂದು ಕ್ಷಣ ಬರೀ ಗರಗರ… ಮತ್ತೆ ಅಜ್ಜಿ! ಹಾಡು ಮುಗಿದ ಮೇಲೆ ನಕ್ಕು, “ಸಾಕಾ ಮಗಾ?” ಎಂದು ಕೇಳಿದ್ದೂ ಇತ್ತು. ಅಂಗಡಿಯಿಡೀ ಚಪ್ಪಾಳೆ. ನಾನು ಅಕ್ಕನನ್ನು ಅಪ್ಪಿಕೊಂಡು ಕುಣಿದೇಬಿಟ್ಟೆ.

ಆ ಅಂಗಡಿ ಈಗಿಲ್ಲ. ಅಕ್ಕ ತೀರಿಹೋಗಿ ಎರಡು ವರ್ಷವಾಯಿತು. ಚೀಟಿ ಸಿಕ್ಕಿದ ಸಂಭ್ರಮದಲ್ಲಿ ಅವರ ಮಗಳಿಗೆ ಫೋನ್ ಮಾಡಿ ಈ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳೂ ನಕ್ಕಳು. ಮತ್ತೆ ಕೇಳಿದಳು: “ಅಮ್ಮನ ಸ್ವರ ನಿಮ್ಮ ಹತ್ರ ಎಲ್ಲಿಯಾದ್ರೂ ಉಂಟಾ?”

ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿ, “ಇಲ್ಲ, ಅಕ್ಷರ ಮಾತ್ರ ಉಂಟು” ಎಂದೆ.